ವರ್ಷಕ್ಕೊಂದು ಜೊತೆ

ಹೊಸ ಅಂಗಿಯ ಅಂಚಿಗೆ ಒಂದು ಬೊಟ್ಟು ಅರಿಶಿನ, ಅದರ ಪಕ್ಕಕ್ಕೆ ಚೂರು ಕುಂಕುಮ. ದೇವರ ಮುಂದೆ ಮಣೆಯ ಮೇಲೆ ಮಡಿಸಿಟ್ಟ ಬಟ್ಟೆಯಲ್ಲಿ ಇನ್ನೂ ಗಂಜಿಯ ವಾಸನೆ. ಎಣ್ಣೆನೀರು ಮುಗಿಸಿ ಬಂದ ಮಗು ಅದನ್ನು ತೊಟ್ಟು ಹಿರಿಯರ ಕಾಲಿಗೆ ಬಿದ್ದು ಎದ್ದರೆ ಹಬ್ಬ ಶುರುವಾಯಿತೆಂದು ಲೆಕ್ಕ. ಹಳೆ ಮೈಸೂರಿನ ಬಹಳಷ್ಟು ಮನೆಗಳಲ್ಲಿ ಇದು ಯುಗಾದಿಯ ಬೆಳಗು, ಉತ್ತರ ಕರ್ನಾಟಕದಲ್ಲಿ ದೀಪಾವಳಿಯದು. ಮುಸ್ಲಿಮರ ಮನೆಯಲ್ಲಿ ರಂಜಾನ್, ಕರಾವಳಿಯ ಕ್ರೈಸ್ತರಲ್ಲಿ ಕ್ರಿಸ್‌ಮಸ್. ಆ ದಿನ ತಪ್ಪಿದರೆ ಹೊಸ ಬಟ್ಟೆಯ ಮಾತು ಮುಂದಿನ ವರ್ಷಕ್ಕೇ.

ಕೈಯಲ್ಲಿ ಕಾಸಿದ್ದಾಗ ಜವಳಿ ಅಂಗಡಿಗೆ ಹೋಗಿ ಬಟ್ಟೆ ತರುವ ಭಾಗ್ಯ ಈ ನಾಡಿನಲ್ಲಿ ಬಹಳ ಕಾಲ ಕೆಲವೇ ಮನೆಗಳದ್ದಾಗಿತ್ತು. ಮಿಕ್ಕವರು ಆ ಒಂದು ಜೊತೆಗಾಗಿ ವರ್ಷವಿಡೀ ಹೊಂದಿಸಬೇಕಿತ್ತು. ಸುಗ್ಗಿಯ ಮೇಲೆ ಉದ್ರಿ ತರುವುದು, ದುಡಿಮೆಯ ಕರಾರಿನಲ್ಲೇ ಬಟ್ಟೆಯನ್ನೂ ಸೇರಿಸಿಕೊಳ್ಳುವುದು, ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಲ್ಲುವುದು, ದರ್ಜಿಯ ಕೈಯಲ್ಲಿ ಒಂದು ಅಂಗಿಯನ್ನು ಮೂರು ವರ್ಷ ಎಳೆಸುವುದು – ಇವೆಲ್ಲ ಸಣ್ಣ ಆದಾಯದ ಮನೆಗಳು ಕಟ್ಟಿಕೊಂಡ ದಾರಿಗಳು. ಅರಮನೆಯ ಪೀತಾಂಬರದ ಬಗ್ಗೆ ಪುಸ್ತಕಗಳಿವೆ. ಈ ದಾರಿಗಳ ಬಗ್ಗೆ ಬರೆದವರು ಕಡಿಮೆ. ನಾಡಿನ ನಿಜವಾದ ಜವಳಿ ಚರಿತ್ರೆ ಇರುವುದು ಇಲ್ಲೇ.

ಮೊದಲು ಒಂದು ಲೆಕ್ಕ. 1938ರಲ್ಲಿ ಕಾಂಗ್ರೆಸ್ ನೇಮಿಸಿದ ರಾಷ್ಟ್ರೀಯ ಯೋಜನಾ ಸಮಿತಿಗೆ ಜವಾಹರಲಾಲ್ ನೆಹರೂ ಅಧ್ಯಕ್ಷರು. ನಮ್ಮ ಎಂ. ವಿಶ್ವೇಶ್ವರಯ್ಯನವರೂ ಅದರ ಸದಸ್ಯರು. ಒಬ್ಬ ಭಾರತೀಯ ವರ್ಷಕ್ಕೆ ಸರಾಸರಿ ಸುಮಾರು 15 ಗಜ ಬಟ್ಟೆ ಬಳಸುತ್ತಾನೆ, ಅದು ಕನಿಷ್ಠ 30 ಗಜಕ್ಕಾದರೂ ಏರಬೇಕು ಎಂಬುದು ಸಮಿತಿಯ ಗುರಿಯಾಗಿತ್ತು. 1944ರಲ್ಲಿ ಉದ್ಯಮಿಗಳು ಮುಂದಿಟ್ಟ ಬಾಂಬೆ ಪ್ಲಾನ್ ಕೂಡ ಅದೇ 30 ಗಜವನ್ನು ಹೇಳಿತು. 15 ಗಜ ಎಂದರೆ ಎಷ್ಟು? ಎಂಟು ಗಜದ ಒಂದು ಇಳಕಲ್ ಸೀರೆ, ಆರು ಗಜದ ಇನ್ನೊಂದು ಸೀರೆ, ಒಂದು ಕುಪ್ಪಸ – ಅಲ್ಲಿಗೆ ಮುಗಿಯಿತು. ಹಾಸಲು, ಹೊದೆಯಲು, ಮೈ ಒರೆಸಲು, ಕೂಸಿಗೆ ಸುತ್ತಲು ಏನೂ ಉಳಿಯದು. ಅದೂ ಸರಾಸರಿ. ಬೀರುವಿನ ತುಂಬ ಬಟ್ಟೆ ಇದ್ದವರನ್ನೂ ಸೇರಿಸಿ ಹಂಚಿದಾಗ ಬಂದ ಅಂಕಿ ಅದು. ಗುಡಿಸಿಲಿನ ಪಾಲಿಗೆ ಬರುತ್ತಿದ್ದುದು ಅದಕ್ಕೂ ಕಡಿಮೆ.

ಇನ್ನೂ ಹಿಂದಕ್ಕೆ ಹೋದರೆ ಬಟ್ಟೆಯ ಲೆಕ್ಕ ರಾಟೆಯಿಂದ ಶುರುವಾಗುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಬೆಂಗಳೂರಿನಲ್ಲಿ ಪಟ್ವೇಗಾರರು, ಖತ್ರಿಗಳು, ದೇವಾಂಗರು, ತೊಗಟರು ಎಂದು ನೇಯುವ ಒಂದೊಂದು ಸಮುದಾಯವನ್ನೂ ವಿಚಾರಿಸಿ, ಯಾರ ಮಗ್ಗದಲ್ಲಿ ಯಾರಿಗಾಗಿ ಎಂಥ ಬಟ್ಟೆ ಹುಟ್ಟುತ್ತದೆ ಎಂದು ಬರೆದುಕೊಂಡ. ಅವನ ದಿನಚರಿಯಲ್ಲಿ ಬಡ ಮನೆಯ ಆಯವ್ಯಯವನ್ನೇ ತೆರೆದಿಡುವ ಒಂದು ವಿವರವಿದೆ. ವಾರದ ಸಂತೆಯಲ್ಲಿ ಬಡ ಹೆಂಗಸರು ಚೂರುಪಾರು ಹತ್ತಿ ಕೊಳ್ಳುತ್ತಿದ್ದರು. ಮನೆಯಲ್ಲಿ ನೂತು, ಆ ನೂಲನ್ನು ಸಂತೆಗೇ ತಂದು ನೇಕಾರರಿಗೆ ಮಾರುತ್ತಿದ್ದರು. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಯ ಹೆಂಗಸರೂ ನೂಲುತ್ತಿದ್ದರು. ನೂಲು ಮಾರಿದ ಕಾಸು ಉಪ್ಪಿಗಾಯಿತು, ಎಣ್ಣೆಗಾಯಿತು, ಕೂಡಿಟ್ಟರೆ ಸೀರೆಗೂ ಆಯಿತು.

ಮುಂದೆ ಹಡಗಿನಲ್ಲಿ ಬಂದ ಗಿರಣಿ ನೂಲು ಈ ಗಳಿಕೆಯನ್ನು ಕಿತ್ತುಕೊಂಡಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಬಟ್ಟೆ ಅಗ್ಗವಾಗಿತ್ತು ನಿಜ, ಆದರೆ ಅದನ್ನು ಕೊಳ್ಳಬೇಕಾದ ಹೆಂಗಸಿನ ಕೈಗೆ ಬರುತ್ತಿದ್ದ ನಾಲ್ಕು ಕಾಸು ನಿಂತುಹೋಗಿತ್ತು. ಅಗ್ಗದ ಬಟ್ಟೆ ಬಂದು ಬಡವರಿಗೆ ಅನುಕೂಲವಾಯಿತು ಎಂದು ಬರೆಯುವವರು ಈ ಎರಡನೆಯ ಅರ್ಧವನ್ನು ಮರೆಯುತ್ತಾರೆ.

ಕೂಲಿಯವರಿಗಂತೂ ಬಟ್ಟೆ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ, ಅದು ಒಡೆಯನಿಂದ ಬರಬೇಕು. ವರ್ಷದ ಕರಾರಿನ ಮೇಲೆ ದುಡಿಯುವ ಜೀತದಾಳಿಗೆ ಊಟ, ಇಷ್ಟು ಧಾನ್ಯ, ಒಂದು ಕಂಬಳಿ, ಒಂದು ಜೊತೆ ಮೆಟ್ಟು, ಉಡಲು ಬಟ್ಟೆ ಎಂಬ ಲೆಕ್ಕ ಊರೂರಿಗೂ ಸ್ವಲ್ಪ ಸ್ವಲ್ಪ ಬದಲಾಗುತ್ತ ನಡೆದುಬಂದಿತ್ತು. ಕುರುಬರು ನೇಯ್ದ ಕರಿ ಕಂಬಳಿ ಅವನಿಗೆ ಹಾಸಿಗೆ, ಹೊದಿಕೆ, ಮಳೆಗೆ ಗೊಪ್ಪೆ, ಕಾಳು ಕಟ್ಟುವ ಗಂಟು ಎಲ್ಲವೂ ಆಗಿತ್ತು. ಹಬ್ಬದ ದಿನ ಒಡೆಯನ ಮನೆಯ ಮುಂದೆ ನಿಂತು ಕೈಚಾಚಿ ತೆಗೆದುಕೊಂಡ ಆ ಬಟ್ಟೆ ಹೊಸದೇ ಆಗಿರಬಹುದು, ಆದರೆ ಅದರ ಬಣ್ಣ, ಉದ್ದ, ಬಾಳಿಕೆ ಯಾವುದೂ ಉಡುವವನ ಆಯ್ಕೆಯಾಗಿರಲಿಲ್ಲ.

ಕಾಸು ಕೂಡಿಸಿಕೊಂಡರೂ ಉಡುವ ಹಕ್ಕು ಎಲ್ಲರಿಗೂ ಇರಲಿಲ್ಲ. ಸೀರೆಯ ಉದ್ದ, ಪಂಚೆಯ ಇಳಿತ, ಹೆಗಲ ಮೇಲಿನ ವಸ್ತ್ರ ಇವನ್ನೆಲ್ಲ ಜಾತಿ ಕಾಯುತ್ತಿತ್ತು. 1927ರ ಕೊನೆಯಲ್ಲಿ ಮಹಾಡದಲ್ಲಿ ಅಂಬೇಡ್ಕರ್ ದಲಿತ ಹೆಂಗಸರನ್ನು ಉದ್ದೇಶಿಸಿ ಮಾತನಾಡುವಾಗ ಸೀರೆಯ ವಿಷಯವನ್ನು ಬೇಕೆಂದೇ ಎತ್ತಿಕೊಂಡರು. ಮೇಲ್ಜಾತಿಯ ಹೆಂಗಸರು ಉಡುವಂತೆಯೇ ಪಾದದವರೆಗೆ ಉಡಿ, ತೇಪೆ ಹಾಕಿದ ಬಟ್ಟೆಯಾದರೂ ಚಿಂತೆಯಿಲ್ಲ, ಚೊಕ್ಕಟವಾಗಿರಲಿ ಎಂಬುದು ಅವರ ಮಾತಿನ ಸಾರ. ಆಗ ಬೆಳಗಾವಿ, ಧಾರವಾಡ, ವಿಜಾಪುರಗಳೂ ಮಹಾಡ ಇದ್ದ ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು.

ಬರ ಬಂದಾಗ ಮನೆಯ ಖರ್ಚಿನಲ್ಲಿ ಮೊದಲು ನಿಲ್ಲುತ್ತಿದ್ದುದು ಬಟ್ಟೆ. ಅದಕ್ಕೇ ಬರದ ಪೆಟ್ಟು ನೇಕಾರನಿಗೆ ಬೇಗ ತಟ್ಟುತ್ತಿತ್ತು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರ 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ತಿಂದಿತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಹೊಟ್ಟೆಗೆ ಬೇಕಾದ ರಾಗಿಗೇ ಮನೆಯ ತಾಮ್ರ, ಬೆಳ್ಳಿ ಹೋಗುತ್ತಿರುವಾಗ ಸೀರೆ ಕೊಳ್ಳುವವರು ಯಾರು? ಮಗ್ಗ ಗೋಡೆಗೆ ಒರಗಿತು.

ಇಷ್ಟಾದರೂ ಚೆಲುವಾಗಿ ಉಡಬೇಕೆಂಬ ಆಸೆ ಬಡತನದ ಜೊತೆಗೇ ಬದುಕಿಕೊಂಡು ಬಂತು, ಮತ್ತು ಆ ಆಸೆಯನ್ನು ಕೈಗೆಟುಕಿಸುವ ಜಾಣ್ಮೆ ಮಗ್ಗದ ಮೇಲೆಯೇ ಹುಟ್ಟಿತು. ಇಳಕಲ್ ಸೀರೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡೂ ಬೇರೆ ಬೇರೆ ಹಾಸುಗಳು. ಒಡಲಿನ ಹಾಸಿನ ಎಳೆಗಳ ತುದಿಗೂ ಸೆರಗಿನ ಹಾಸಿನ ಎಳೆಗಳ ತುದಿಗೂ ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ತೋಪು ತೆನೆ ಎಂದು ಹೆಸರಾದ ಈ ಜೋಡಣೆಯನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಹೀಗಾಗಿ ಆರು, ಎಂಟು, ಒಂಬತ್ತು ಗಜ – ಯಾವ ಅಳತೆ ಬೇಕೋ ಅಷ್ಟಕ್ಕೇ ಹಾಸು ಹೂಡಬೇಕು. ಸೊಂಟಕ್ಕೆ ಸುತ್ತಿ, ಕಚ್ಚೆಗೆ ಸಿಕ್ಕಿಸಿ, ಹೊಲದ ಮಣ್ಣಿಗೆ ತಾಗುವ ಭಾಗ ಗಟ್ಟಿ ಹತ್ತಿ. ಹೆಗಲ ಮೇಲೆ ಬಂದು ಜನರ ಕಣ್ಣಿಗೆ ಬೀಳುವ ಒಂದು ಗಜ ಮಾತ್ರ ರೇಷ್ಮೆ. ಆ ಸೆರಗಿನ ಬಿಳಿ ಚಿತ್ತಾರಗಳಿಗೆ ಹಣಿಗೆ, ಕೋಟೆ ಕಮ್ಮಲಿ, ತೆನೆ, ರಂಪ ಎಂದು ಹೆಸರು. ತಲೆ ಬಾಚುವ ಹಣಿಗೆ, ಊರ ಕೋಟೆಯ ತೆನೆಗೋಡೆ, ಹೊಲದ ಜೋಳ, ದೂರದ ಗುಡ್ಡ ಎಲ್ಲ ಅಲ್ಲಿಗೆ ಬಂದಿವೆ. ಪೂರ್ತಿ ರೇಷ್ಮೆ ಸೀರೆಗೆ ಎಂದೂ ಕೈಚಾಚಲಾರದ ಒಕ್ಕಲಗಿತ್ತಿಗೂ ರೇಷ್ಮೆಯ ಸೆರಗು ಸಿಕ್ಕಿದ್ದು ಈ ಕುಣಿಕೆಗಳ ಕೃಪೆಯಿಂದ. ನಾಡಿನ ಕರಕುಶಲದಲ್ಲಿ ಇದಕ್ಕಿಂತ ಹೃದಯವಂತ ಕಸುಬು ಇನ್ನೊಂದಿರಲಾರದು.

ಇಳಕಲ್ಲಿನಿಂದ ಹೆಚ್ಚು ದೂರವಿಲ್ಲದ ಗುಳೇದಗುಡ್ಡದ ಖಣವೂ ಇಂಥದ್ದೇ. ಒಂದು ಕುಪ್ಪಸಕ್ಕೆ ಆಗುವಷ್ಟು ಚಿಕ್ಕ ತುಂಡು, ಅದರಲ್ಲೇ ಅಂಚು, ಬುಟ್ಟಾ, ಹೊಳಪು. ಸೀರೆ ಹಳೆಯದೇ ಇದ್ದರೂ ಹೊಸ ಖಣದ ಕುಪ್ಪಸ ತೊಟ್ಟರೆ ಹಬ್ಬಕ್ಕೆ ಹೊಸತು ಉಟ್ಟಂತೆಯೇ. ಉಡಿ ತುಂಬುವಾಗ, ಬಾಗಿನ ಕೊಡುವಾಗ, ತವರಿಗೆ ಬಂದ ಹೆಣ್ಣುಮಗಳನ್ನು ಕಳಿಸುವಾಗ ಖಣವೇ ಉಡುಗೊರೆ. ಕೊಡುವವರ ಮನೆಗೂ ಹೊರೆಯಾಗದು, ಪಡೆದವಳಿಗೂ ಬರಿಗೈ ಆಗದು. ಒಬ್ಬ ಹೆಂಗಸು ವರ್ಷದಲ್ಲಿ ಹೀಗೆ ನಾಲ್ಕಾರು ಖಣ ಪಡೆಯುತ್ತಿದ್ದಳು, ನಾಲ್ಕಾರು ಕೊಡುತ್ತಿದ್ದಳು. ಊರಿನ ಹೆಂಗಸರು ಸದ್ದಿಲ್ಲದೆ ನಡೆಸಿಕೊಂಡ ಒಂದು ಕೂಡುಬಂಡವಾಳ ಅದು ಎನ್ನಬೇಕು.

ಕಾಸೇ ಇಲ್ಲದೆ ಹೊಸತನ್ನು ತರಿಸುವ ವಿದ್ಯೆ ಕಸೂತಿ. ಧಾರವಾಡದ ಕಡೆ ಮದುಮಗಳ ಪೆಟ್ಟಿಗೆಯಲ್ಲಿ ಚಂದ್ರಕಾಳಿ ಸೀರೆ ಇರಬೇಕು, ಅದರ ಮೇಲೆ ಕಸೂತಿ ಇರಬೇಕು. ಕಪ್ಪು ಒಡಲಿನ ಮೇಲೆ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ ಮೂಡುತ್ತವೆ. ಗೆರೆ ಎಳೆದುಕೊಂಡು ಹೊಲಿಯುವುದಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುವುದು. ಅದಕ್ಕೆ ಬೇಕಾದದ್ದು ಸೂಜಿ, ಬಣ್ಣದ ದಾರ, ಮಧ್ಯಾಹ್ನದ ಬೆಳಕು.

ಗಿರಣಿಗಳು ಬಂದದ್ದು 1880ರ ದಶಕದಲ್ಲಿ. ಬೆಂಗಳೂರಿನಲ್ಲಿ ಜನ ಬಿನ್ನಿ ಮಿಲ್, ರಾಜಾ ಮಿಲ್ ಎಂದು ಕರೆದ ಎರಡು ದೊಡ್ಡ ಗಿರಣಿಗಳು, ಗೋಕಾಕ ಜಲಪಾತದ ಪಕ್ಕದಲ್ಲಿ ಇನ್ನೊಂದು. ಮುಂದೆ ದಾವಣಗೆರೆ ಬಟ್ಟೆಯ ಗಿರಣಿಗಳಿಂದಲೇ ಹೆಸರಾಯಿತು. ಗಿರಣಿ ಬಟ್ಟೆಯಿಂದ ಅಂಗಡಿಯಲ್ಲಿ ಹೊಸದೊಂದು ಮಾಲು ಹುಟ್ಟಿಕೊಂಡಿತು, ಅದು ತುಂಡು ಬಟ್ಟೆ. ಥಾನು ಕತ್ತರಿಸಿದ ಮೇಲೆ ಉಳಿದದ್ದು, ನೇಯ್ಗೆಯಲ್ಲಿ ಸಣ್ಣ ದೋಷ ಬಂದದ್ದು, ಬಣ್ಣ ಒಂದಿಷ್ಟು ಏರುಪೇರಾದದ್ದು ಎಲ್ಲ ಕಡಿಮೆ ದರಕ್ಕೆ ಚಿಕ್ಕಪೇಟೆಯಂಥ ಕಡೆ ಬರುತ್ತಿತ್ತು. ಚಿಕ್ಕ ಮಕ್ಕಳ ಅಂಗಿ, ಲಂಗ, ದಿಂಬಿನ ಚೀಲಗಳಿಗೆ ಕಟ್ ಪೀಸೇ ಸಾಕು ಎಂಬ ಗೃಹಿಣಿಯ ಲೆಕ್ಕ ಆಗಿನದು.

ಗಾಂಧೀಜಿಯವರ ಖಾದಿಗೂ ಬೆಲೆಯ ಪ್ರಶ್ನೆ ಎದುರಾಯಿತು. ಬಡವರು ವಿದೇಶಿ ಬಟ್ಟೆ ಬಿಟ್ಟು ಉಡುವುದೇನನ್ನು, ಖಾದಿ ಕೊಳ್ಳಲು ಕೈಯಲ್ಲಿ ಕಾಸೆಲ್ಲಿದೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಮೊಳಕಾಲ ಮೇಲಿನ ತುಂಡುಪಂಚೆಗೆ ಇಳಿದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಮೈಸೂರು ಸೀಮೆಯಲ್ಲಿ ತಗಡೂರು ರಾಮಚಂದ್ರರಾಯರು ಖಾದಿಗಾಗಿ ಜೀವ ತೇಯ್ದರು. ನಂಜನಗೂಡಿನ ಬಳಿಯ ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದು ಹೋದರು. ಬದನವಾಳಿನಂಥ ಕಡೆ ಖಾದಿಯ ನಿಜವಾದ ಬೆಲೆ ಕೊಳ್ಳುವವರಿಗಿಂತ ನೂಲುವವರಿಗೆ ಗೊತ್ತಿತ್ತು. ಬುಕಾನನ್ ಕಂಡ ಸಂತೆಯ ಹೆಂಗಸರ ಕೈ ತಪ್ಪಿದ್ದ ಕಾಸನ್ನು ಅವರ ಮರಿಮೊಮ್ಮಕ್ಕಳ ಕೈಗೆ ಮರಳಿಸುವ ಪ್ರಯತ್ನ ಅದು.

ಎರಡನೇ ಮಹಾಯುದ್ಧದಲ್ಲಿ ಪರಿಸ್ಥಿತಿ ಪೂರಾ ಕೆಟ್ಟಿತು. ಗಿರಣಿಯ ಬಟ್ಟೆ ಸೈನ್ಯಕ್ಕೆ ಹೊರಟಿತು, ಹೊರಗಿನ ಆಮದು ನಿಂತಿತು, ಉಳಿದದ್ದು ದಾಸ್ತಾನುದಾರರ ಗೋದಾಮು ಸೇರಿತು. 1943ರ ಜೂನ್‌ನಲ್ಲಿ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲು ನಿಯಂತ್ರಣ ಆಜ್ಞೆ ಹೊರಡಿಸಿ, ಮಾರುವ ಬೆಲೆಯನ್ನು ಬಟ್ಟೆಯ ಮೇಲೆಯೇ ಮುದ್ರೆ ಒತ್ತಬೇಕೆಂದು ವಿಧಿಸಿತು. ಅಗ್ಗದ ‘ಸ್ಟ್ಯಾಂಡರ್ಡ್ ಬಟ್ಟೆ’ಯನ್ನೂ ತಯಾರಿಸಿ ಹಂಚಿದರು. ಪಡಿತರದ ಸಾಲು ಅಕ್ಕಿ, ಸೀಮೆಎಣ್ಣೆಗಳ ಜೊತೆ ಬಟ್ಟೆಗೂ ಬೆಳೆಯಿತು. ಮುದ್ರೆಯ ಬೆಲೆ ಒಂದು, ಕಾಳಸಂತೆಯ ಬೆಲೆ ಇನ್ನೊಂದು. ದೇಶದ ಹಲವು ಕಡೆ ಮದುವೆಯ ಸೀರೆಗೂ ಹೆಣದ ಮೇಲಿನ ಬಟ್ಟೆಗೂ ಪರವಾನಗಿ ಬೇಡಬೇಕಾಯಿತು. ಯುದ್ಧ ಮುಗಿದರೂ ಬವಣೆ ಮುಗಿಯಲಿಲ್ಲ. 1948ರ ಜನವರಿಯಲ್ಲಿ ನಿಯಂತ್ರಣ ತೆಗೆದರು, ಬೆಲೆ ಹಾರಿತು, ಅದೇ ವರ್ಷ ಮತ್ತೆ ನಿಯಂತ್ರಣ ಹೇರಿದರು. ಸ್ವತಂತ್ರ ಭಾರತದ ಮೊದಲ ಒಂದೆರಡು ದೀಪಾವಳಿಗಳನ್ನು ಎಷ್ಟೋ ಮನೆಗಳು ಒಗೆದ ಬಟ್ಟೆಯಲ್ಲೇ ಮಾಡಿದವು.

‘ಕಂಟ್ರೋಲ್ ಬಟ್ಟೆ’ ಎಂಬ ಮಾತು ಆಮೇಲೂ ಕನ್ನಡದಲ್ಲಿ ಉಳಿಯಿತು. 1964ರಿಂದ ಗಿರಣಿಗಳು ತಮ್ಮ ಉತ್ಪಾದನೆಯಲ್ಲಿ ಒಂದು ಪಾಲನ್ನು ಪಂಚೆ, ಸೀರೆ, ಲಾಂಗ್ ಕ್ಲಾತ್, ಷರ್ಟಿಂಗ್, ಡ್ರಿಲ್ ರೂಪದಲ್ಲಿ ನಿಗದಿತ ಬೆಲೆಗೆ ಕೊಡಬೇಕಾಯಿತು. 1976ರಲ್ಲಿ ಜನತಾ ಬಟ್ಟೆ ಯೋಜನೆ ಬಂತು. ಕೈಮಗ್ಗದವರಿಗೆ ವರ್ಷವಿಡೀ ಕೆಲಸ, ಬಡವರಿಗೆ ರಿಯಾಯಿತಿ ದರದಲ್ಲಿ ಸೀರೆ, ಪಂಚೆ, ಲುಂಗಿ ಎಂಬ ಎರಡು ಗುರಿಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ ಯೋಜನೆ. ಕರ್ನಾಟಕದಲ್ಲಿ ಅದಕ್ಕಿಂತ ಒಂದೇ ವರ್ಷ ಮೊದಲು, 1975ರಲ್ಲಿ ಹುಟ್ಟಿದ್ದ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ಬಟ್ಟೆ ನೇಯಿಸಿಕೊಂಡು, ಕೂಲಿ ಪಾವತಿಸುವ ಕೆಲಸ ಹೊತ್ತುಕೊಂಡಿತು. ಜನತಾ ಸೀರೆ ಒರಟು, ಬಣ್ಣ ಮಾಸಲು ಎಂದು ಮೂಗು ಮುರಿದವರುಂಟು. ಕೂಲಿಗೆ ಹೋಗುವ ಹೆಂಗಸಿಗೆ ಅದು ಒಗೆದು ಉಡಲು ಎರಡನೆಯ ಸೀರೆಯಾಗಿತ್ತು. ಎರಡನೆಯ ಸೀರೆ ಇದ್ದರೆ ತಾನೇ ಮೊದಲನೆಯದನ್ನು ಒಣಗಿಸಲು ಸಾಧ್ಯ? 1990ರ ದಶಕದಲ್ಲಿ ಯೋಜನೆ ನಿಂತಿತು. ದೋಷಗಳಿದ್ದರೂ, ಬಡವರ ಬಟ್ಟೆಯನ್ನು ಸರ್ಕಾರದ ಹೊಣೆ ಎಂದು ಒಪ್ಪಿಕೊಂಡ ಯೋಜನೆ ಅದು. ಇಂದು ಆ ಹೊಣೆ ಉಳಿದಿರುವುದು ಮುಖ್ಯವಾಗಿ ಶಾಲಾ ಮಕ್ಕಳ ಉಚಿತ ಸಮವಸ್ತ್ರದಲ್ಲಿ. ಹಳ್ಳಿಯ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ವರ್ಷದ ಮೊದಲ ಹೊಸ ಬಟ್ಟೆ ಈಗಲೂ ಅದೇ.

ಇನ್ನು ದರ್ಜಿಯ ಕಡೆಗೆ. ಸಿಂಗರ್ ಕಂಪನಿಯ ಹೊಲಿಗೆ ಯಂತ್ರ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಕಂತಿನ ಮೇಲೆ ಭಾರತದಲ್ಲಿ ಮಾರಾಟವಾಗುತ್ತಿತ್ತು. 1930ರ ದಶಕದಲ್ಲಿ ಕಲ್ಕತ್ತೆಯ ಉಷಾ ಬಂತು. ಜವಳಿ ಅಂಗಡಿಯ ಜಗಲಿಯ ಮೇಲೆ ಒಂದು ಯಂತ್ರ, ಕೊರಳಿಗೆ ಟೇಪು ಇಳಿಬಿಟ್ಟ ದರ್ಜಿ, ಕಿವಿಯ ಮೇಲೆ ನೀಲಿ ಸೀಮೆಸುಣ್ಣ – ಈ ಚಿತ್ರ ಇಲ್ಲದ ಕನ್ನಡದ ಊರಿಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಅಪ್ಪ ಒಂದೇ ಥಾನಿನಿಂದ ಬಟ್ಟೆ ಹರಿಸುತ್ತಿದ್ದ. ಒಟ್ಟಿಗೆ ಕೊಂಡರೆ ಗಜಕ್ಕೆ ನಾಲ್ಕಾಣೆ ಕಡಿಮೆ. ಹುಡುಗರಿಗೆಲ್ಲ ಅದೇ ಗೆರೆಯ ಅಂಗಿ, ಹುಡುಗಿಯರಿಗೆಲ್ಲ ಅದೇ ಹೂವಿನ ಲಂಗ. ಉಳಿದ ಚೂರಿನಲ್ಲಿ ಕೈಚೀಲ.

ದರ್ಜಿಗೆ ಹೇಳುವ ಮಾತು ಎಲ್ಲ ಮನೆಗಳದ್ದೂ ಒಂದೇ: “ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಹೊಲಿ.” ಚಡ್ಡಿಯ ತುದಿಯಲ್ಲಿ ಎರಡು ಬೆರಳಿನ ಮಡಿಕೆ, ಲಂಗದ ಕೆಳಗೆ ಮೂರು ಪಟ್ಟು. ಪ್ರತಿ ವರ್ಷ ಒಂದೊಂದು ಪಟ್ಟು ಬಿಚ್ಚುತ್ತಿದ್ದರು. ಬಿಚ್ಚಿದ ಜಾಗದ ಬಟ್ಟೆ ಮಾಸದೆ ಹೊಸ ಬಣ್ಣದಲ್ಲೇ ಇರುತ್ತಿದ್ದುದರಿಂದ, ಲಂಗದ ಗಾಢ ಗೆರೆಗಳನ್ನು ಎಣಿಸಿದರೆ ಅದಕ್ಕೆ ಎಷ್ಟು ವರ್ಷವಾಯಿತೆಂದು ತಿಳಿಯುತ್ತಿತ್ತು. ಅಂಗಿಯ ಕಾಲರ್ ಸವೆದರೆ ಬಿಚ್ಚಿ, ತಿರುವಿ, ಒಳಮೈಯನ್ನು ಹೊರಗೆ ಮಾಡಿ ಹೊಲಿಯುತ್ತಿದ್ದರು. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ದಾವಣಿ ತಂಗಿಗೆ. ಚಡ್ಡಿಯ ಹಿಂಭಾಗ ಹರಿದ ಹುಡುಗನನ್ನು ಶಾಲೆಯಲ್ಲಿ ‘ಪೋಸ್ಟ್ ಬಾಕ್ಸ್’ ಎಂದು ಕರೆದು ಅಳಿಸುತ್ತಿದ್ದರು. ಆ ಮಾತು ಬೀಳಬಾರದೆಂದೇ ತಾಯಂದಿರು ರಾತ್ರಿ ದೀಪದ ಕೆಳಗೆ ತೇಪೆ ಹಾಕುತ್ತಿದ್ದರು. ಕೊಳ್ಳುವ ಸರದಿಯಲ್ಲೂ ಒಂದು ಕ್ರಮವಿತ್ತು: ಮೊದಲು ಮಕ್ಕಳು, ಆಮೇಲೆ ಹೊರಗೆ ಓಡಾಡುವ ಗಂಡಸು, ಉಳಿದರೆ ಅಜ್ಜಿ. ತಾಯಿಯ ಸರದಿ ಎಷ್ಟೋ ವರ್ಷ ಬರುತ್ತಲೇ ಇರಲಿಲ್ಲ. ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ ಬಟ್ಟೆ ಎಂಬ ಸಾಧನೆಯ ಹಿಂದೆ ಸಾಮಾನ್ಯವಾಗಿ ಒಬ್ಬ ಹೆಂಗಸು ಬಿಟ್ಟುಕೊಟ್ಟ ಸೀರೆ ಇದೆ.

ಹಣ ಒಟ್ಟಾಗುತ್ತಿದ್ದ ಬಗೆಯೂ ಹೇಳಬೇಕಾದದ್ದೇ. ಹಳ್ಳಿಯಲ್ಲಿ ಜವಳಿ ಅಂಗಡಿಯ ಕೆಂಪು ರಟ್ಟಿನ ಖಾತೆಪುಸ್ತಕ ಸುಗ್ಗಿಗೆ ತೆರೆದು ಸುಗ್ಗಿಗೇ ಮುಚ್ಚುತ್ತಿತ್ತು. ಉದ್ರಿಯ ಬಟ್ಟೆ ನಗದಿಗಿಂತ ದುಬಾರಿ ಎಂದು ಇಬ್ಬರಿಗೂ ಗೊತ್ತು, ಬೇರೆ ದಾರಿಯಿಲ್ಲ. ಪೇಟೆಗಳಲ್ಲಿ ಹೆಂಗಸರು ಸೀರೆ ಚೀಟಿ ಹಾಕಿಕೊಂಡರು. ತಿಂಗಳಿಗಿಷ್ಟು ಕಟ್ಟುವುದು, ಹೆಸರು ಬಂದವಳಿಗೆ ಸೀರೆ. ಗಂಟು ಹೊತ್ತು ಮನೆಬಾಗಿಲಿಗೆ ಬರುವ ಸೀರೆಯವನು ಕಂತಿನ ಮೇಲೆ ಕೊಟ್ಟು ಹೋಗಿ ತಿಂಗಳಿಗೊಮ್ಮೆ ವಸೂಲಿಗೆ ಬರುತ್ತಿದ್ದ. ಹಳೆಯ ಬಟ್ಟೆಗೂ ಬೆಲೆಯಿತ್ತು. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವಳು ಹಳೆ ಸೀರೆ, ಪ್ಯಾಂಟುಗಳನ್ನು ಪಡೆದು ಡಬ್ಬಿ, ತಟ್ಟೆ ಕೊಡುತ್ತಿದ್ದಳು. ಹಳೆ ಜರಿ ಸೀರೆ ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು.

ಅರವತ್ತು, ಎಪ್ಪತ್ತರ ದಶಕದಲ್ಲಿ ನೈಲಾನ್, ಟೆರಿಲಿನ್, ಟೆರಿಕಾಟ್ ಬಂದವು. ಸರ್ಕಾರ ಅವನ್ನು ಶ್ರೀಮಂತರ ಬಟ್ಟೆಯೆಂದು ಭಾರಿ ತೆರಿಗೆ ಹಾಕಿತ್ತು. 1985ರ ಜವಳಿ ನೀತಿಯಲ್ಲಿ ಈ ಧೋರಣೆ ಬದಲಾಯಿತು. ಆದರೆ ಅದಕ್ಕೂ ಮೊದಲೇ ಸಂಬಳದ ಮನೆಗಳು ಲೆಕ್ಕ ಹಾಕಿಕೊಂಡಿದ್ದವು: ಟೆರಿಕಾಟ್ ಅಂಗಿ ಕೊಳ್ಳುವಾಗ ದುಬಾರಿ, ಆದರೆ ಇಸ್ತ್ರಿ ಬೇಡ, ಗಂಜಿ ಬೇಡ, ಹರಿಯುವುದೂ 
ಇಲ್ಲ. ಬೆವರು ಹೀರದ ಆ ಬಟ್ಟೆಯನ್ನು ನಮ್ಮ ಬಿಸಿಲಿನಲ್ಲಿ ತೊಟ್ಟವರು ಪಟ್ಟ ಕಷ್ಟ ಬೇರೆ ಮಾತು.

ರಿಯಾಯಿತಿಯ ಪಂಚಾಂಗವೂ ನಮ್ಮದೇ. ಗಾಂಧಿ ಜಯಂತಿಗೆ ಖಾದಿಯ ರಿಯಾಯಿತಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಜವಳಿ ಅಂಗಡಿ ಖಾಲಿ ಹೊಡೆಯುವ ಆ ತಿಂಗಳಲ್ಲಿ ದಾಸ್ತಾನು ಕರಗಿಸಲು ವ್ಯಾಪಾರಿ ಬೆಲೆ ಇಳಿಸುತ್ತಾನೆ. ಅಶುಭವೆಂದು ಬದಿಗಿಟ್ಟ ತಿಂಗಳನ್ನೇ ಮಧ್ಯಮ ವರ್ಗದ ಗೃಹಿಣಿ ತನ್ನ ಕೊಳ್ಳುವ ತಿಂಗಳು ಮಾಡಿಕೊಂಡಳು. ಆಷಾಢದಲ್ಲಿ ಕೊಂಡು ಬೀರುವಿನಲ್ಲಿಟ್ಟ ಸೀರೆ ಶ್ರಾವಣದ ವರಮಹಾಲಕ್ಷ್ಮಿಗೆ ಹೊರಬರುತ್ತದೆ.

ಈಗ ಬಟ್ಟೆ ಹಿಂದೆಂದಿಗಿಂತ ಅಗ್ಗ. 1980ರ ದಶಕದಿಂದ ಬೆಂಗಳೂರು ಸಿದ್ಧ ಉಡುಪಿನ ದೊಡ್ಡ ಊರಾಯಿತು. 2005ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಕೋಟಾ ಪದ್ಧತಿ ಕೊನೆಗೊಂಡು ರಫ್ತಿನ ಬಾಗಿಲು ಇನ್ನಷ್ಟು ತೆರೆಯಿತು. ಮೈಸೂರು ರಸ್ತೆ, ಹೊಸೂರು ರಸ್ತೆ, ಪೀಣ್ಯಗಳ ಕಾರ್ಖಾನೆಗಳಲ್ಲಿ ಹೊಲಿದ ಅಂಗಿಗಳಲ್ಲಿ ಹೆಚ್ಚಾದದ್ದು, ಚೂರು ದೋಷವಿದ್ದದ್ದು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಹೆಸರಿನಲ್ಲಿ ಫುಟ್‌ಪಾತಿಗೆ ಬಂತು. ಗಿರಣಿ ಕಾಲದ ಕಟ್ ಪೀಸಿನ ಮೊಮ್ಮಗ ಇದು. ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ತಿಂಗಳಿಗೊಂದು ಹೊಸ ಅಂಗಿ ಕೊಳ್ಳುವುದು ಮೊದಲ ಬಾರಿಗೆ ಸಾಧ್ಯವಾದದ್ದು ಹೀಗೆ. ಆದರೆ ಆ ಅಗ್ಗದ ಭಾರ ಹೊತ್ತವರು ಯಾರೆಂದು 2016ರ ಏಪ್ರಿಲ್‌ನಲ್ಲಿ ನಗರಕ್ಕೆ ಕಂಡಿತು. ಭವಿಷ್ಯನಿಧಿಯ ಹಣ ತೆಗೆಯಲು ಕೇಂದ್ರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ ಕೂತುಬಿಟ್ಟರು, ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಮಕ್ಕಳ ಫೀಜು, ಮನೆಯ ಮುಂಗಡ, ಮಗಳ ಮದುವೆಯ ಜವಳಿ ಎಲ್ಲಕ್ಕೂ ಅವರು ನಂಬಿಕೊಂಡಿದ್ದುದು ಆ ಹಣವನ್ನು. ಅತ್ತ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲ್ ತೆರೆಯಿತು. ಬಟ್ಟೆ ನೇಯುತ್ತಿದ್ದ ನೆಲದಲ್ಲಿ ಈಗ ಬಟ್ಟೆ ಮಾರುತ್ತಾರೆ.

ಹಳೆಯ ಬಟ್ಟೆ ಕೊನೆಗೆ ಸೇರುತ್ತಿದ್ದುದು ಕೌದಿಗೆ. ಅಜ್ಜಿಯ ಪತ್ತಲ, ಅಪ್ಪನ ಧೋತರ, ಸತ್ತುಹೋದ ಕೂಸಿನ ಅಂಗಿ ಎಲ್ಲ ಒಂದರ ಮೇಲೊಂದು ಸೇರಿ, ಸಾಲು ಹೊಲಿಗೆಯಲ್ಲಿ ಒಂದಾಗಿ ಹೊದಿಕೆಯಾಗುತ್ತಿದ್ದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಮ್ಯೂಸಿಯಮ್ಮುಗಳಲ್ಲಿ ರಾಜರ ಜರತಾರಿ ಅಂಗಿಗಳಿವೆ. ಮೂರು ಪಟ್ಟು ಬಿಚ್ಚಿದ ಲಂಗ, ತಿರುವಿ ಹೊಲಿದ ಕಾಲರ್, ಜನತಾ ಸೀರೆ, ಕಂಟ್ರೋಲ್ ಕಾಲದ ಬೆಲೆ ಮುದ್ರೆಯ ತುಂಡು ಅಲ್ಲಿ ಕಾಣಸಿಗುವುದು ಅಪರೂಪ. ಅವು ಉಳಿದಿದ್ದರೆ ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಉಳಿದಿರಬೇಕು. ಹಳೆಯ ಬಟ್ಟೆ ಚೀಟಿ, ಜವಳಿ ಅಂಗಡಿಯ ಖಾತೆಪುಸ್ತಕ, ದರ್ಜಿಯ ಅಳತೆ ಪುಸ್ತಕ ಕೈಗೆ ಸಿಕ್ಕರೆ ರದ್ದಿಗೆ ಹಾಕಬೇಡಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ, ಅವರ ಮದುವೆಯ ಸೀರೆಗೆ ಎಷ್ಟು ಕೊಟ್ಟರು, ಆ ಹಣ ಎಲ್ಲಿಂದ ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ.